ಬೂದು ತುಂಡಿನ ತನಿಖೆ

ಎಣಿಸಿದ್ದೆನಲ್ಲವೇ? ಖಂಡಿತ ಎಣಿಸಿದ್ದೆ. ಡಬ್ಬಿ ಬಿಚ್ಚಿದ ದಿನವೇ ಒಂದೊಂದು ಚೀಲವನ್ನೂ ಸುರಿದು, ಬಣ್ಣ ಬೇರೆ ಮಾಡಿ ಎಣಿಸಿದ್ದೆ. ಆದರೆ ಆರನೆಯ ಚೀಲ ಎಣಿಸುವಾಗ ಯಾರೋ ಬಾಗಿಲು ಬಡಿದರಲ್ಲ, ಆಮೇಲೆ ಮೊದಲಿನಿಂದ ಶುರುಮಾಡಿದೆನೋ, ಬಿಟ್ಟಲ್ಲಿಂದ ಮುಂದುವರಿಸಿದೆನೋ?

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತು ಪ್ರೂಫ್ ರೀಡರು ಇದನ್ನೇ ಹತ್ತನೆಯ ಸಲ ಯೋಚಿಸಿದ. ಎದುರಿಗೆ ಪ್ಲಾಸ್ಟಿಕ್ ಇಟ್ಟಿಗೆಗಳ ರೈಲು ನಿಲ್ದಾಣ ನಿಂತಿತ್ತು. ಎರಡು ಸಾವಿರದ ಒಂಬೈನೂರ ಹದಿನಾಲ್ಕು ತುಂಡು, ಮೂರು ತಿಂಗಳ ಕೆಲಸ. ಟಿಕೆಟ್ ಕಿಂಡಿ, ದೀಪದ ಕಂಬ, ಬೆಂಚಿನ ಮೇಲೆ ಬೆರಳುದ್ದದ ಪ್ರಯಾಣಿಕ, ಎಲ್ಲವೂ ಸರಿಯಾಗಿತ್ತು. ಗಡಿಯಾರದ ಗೋಪುರದ ಚಾವಣಿಯಲ್ಲಿ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದು. ಅಲ್ಲಿಗೆ ಬೇಕಾದದ್ದು ಉಗುರಿನಷ್ಟು ಅಗಲದ, ಒಂದು ಕಡೆ ಇಳಿಜಾರಾದ, ತಿಳಿಬೂದು ಬಣ್ಣದ ಒಂದು ತುಂಡು. ಅದು ಇರಲಿಲ್ಲ.

"ರೀ, ಸಂಜೆ ಆರಕ್ಕೆ ಬಡಗಿ ಬರ್ತಾನೆ, ನೆನಪಿದೆಯಲ್ಲ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

ನೆನಪಿರದೆ ಏನು. ಮನೆಯಲ್ಲಿ ಖಾಲಿಯಿದ್ದದ್ದು ಒಂದೇ ಚಿಕ್ಕ ಕೋಣೆ. ಅವಳಿಗೆ ಅದು ಹೊಲಿಗೆಗೆ ಬೇಕು. ಅವನಿಗೆ ಇಟ್ಟಿಗೆಗಳಿಗೆ ಬೇಕು. ನಾಲ್ಕು ವರ್ಷದ ಜಗಳಕ್ಕೆ ಕೊನೆಗೊಂದು ಕರಾರಾಗಿತ್ತು: ಬಡಗಿ ಬರುವ ಹೊತ್ತಿಗೆ ನಿಲ್ದಾಣ ಪೂರ್ತಿಯಾಗಿದ್ದರೆ ಕೋಣೆಯಲ್ಲಿ ಅವನಿಗೆ ಕಪಾಟು, ಒಂದು ತುಂಡು ಕಡಿಮೆಯಾದರೂ ಅವಳಿಗೆ ಬಟ್ಟೆ ಕತ್ತರಿಸುವ ಮೇಜು. 'ಒಂದು ತುಂಡು ಕಡಿಮೆಯಾದರೂ' ಎಂಬ ಮಾತನ್ನು ಸೇರಿಸಿದವನು ಅವನೇ. ಇಪ್ಪತ್ತೆರಡು ವರ್ಷದಿಂದ ಅಚ್ಚುಕೂಟದಲ್ಲಿ ಬೇರೆಯವರ ತಪ್ಪು ಹಿಡಿದು ಸಂಬಳ ತೆಗೆದುಕೊಳ್ಳುತ್ತಿದ್ದವನಿಗೆ ತನ್ನ ಮೇಲೆ ಅಷ್ಟು ನಂಬಿಕೆಯಿತ್ತು.

ಕಪಾಟು ಅವನಿಗೆ ನೆಪ. ಬೇಕಾಗಿದ್ದದ್ದು ಬಾಗಿಲು. ಅಚ್ಚುಕೂಟದಲ್ಲಿ ಇಡೀ ದಿನ ಯಂತ್ರಗಳ ಧಡಧಡ, ಮನೆಯಲ್ಲಿ ರವಿಕೆಯ ಅಳತೆ ಕೊಡಲು ಬರುವವರ ಮಾತು. ಬಾಗಿಲು ಹಾಕಿಕೊಂಡು, ಯಾರೂ ಮಾತಾಡಿಸದೆ, ಒಂದರ ಮೇಲೊಂದು ತುಂಡು ಕೂರುವ ಟಿಕ್ ಶಬ್ದವೊಂದನ್ನೇ ಕೇಳುತ್ತ ವಾರಕ್ಕೆ ಒಂದು ಮಧ್ಯಾಹ್ನ ಕೂತಿರಬೇಕು. ಜೀವನದಿಂದ ಅವನು ಕೇಳಿದ್ದು ಇಷ್ಟೇ.

ಅವನು ಸೋಫಾ ಎಳೆದ. ಕಪಾಟು ಎಳೆದ. ಫ್ರಿಜ್ಜಿನ ಕೆಳಗೆ ಕೈ ತೂರಿಸಿ, ಕೈ ಸಾಲದೆ ನೆಲಕ್ಕೆ ಕೆನ್ನೆಯಿಟ್ಟು ಟಾರ್ಚು ಬಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಎರಡು ದಪ್ಪ ಚಪ್ಪಲಿ ಕಾಣಿಸಿದವು.

"ಏನ್ರೀ ಪ್ರೂಫು, ಮನೆ ಖಾಲಿ ಮಾಡ್ತಿದ್ದೀರಾ? ನನ್ನ ತಲೆ ಮೇಲೆ ಆನೆ ಓಡಾಡಿದ ಹಾಗಿದೆ."

ಕೆಳಗಿನ ಮನೆಯ ನಿವೃತ್ತ ಇನ್ಸ್‌ಪೆಕ್ಟರು. ಕೆಲಸ ಬಿಟ್ಟು ಏಳು ವರ್ಷವಾಗಿದ್ದರೂ ಮೀಸೆ ಇನ್ನೂ ಡ್ಯೂಟಿಯಲ್ಲಿತ್ತು.

"ಒಂದು ತುಂಡು ಕಳೆದಿದೆ ಸಾರ್."

"ಯಾತರ ತುಂಡು? ಬಂಗಾರದ್ದಾ?"

"ಪ್ಲಾಸ್ಟಿಕ್."

ಇನ್ಸ್‌ಪೆಕ್ಟರ ಮುಖ ಬಾಡಿತು. ಆದರೆ ಏಳು ವರ್ಷದಲ್ಲಿ ಇಷ್ಟು ಹತ್ತಿರಕ್ಕೆ ಬಂದ ಕೇಸು ಇದೊಂದೇ. ಅವರು ಕುರ್ಚಿ ಎಳೆದು ಕೂತರು. "ಕೊನೇದಾಗಿ ಅದನ್ನ ನೋಡಿದ್ದು ಯಾರು?"

"ಯಾರೂ ನೋಡಿಲ್ಲ ಸಾರ್."

"ಮತ್ತೆ, ಇತ್ತು ಅಂತ ಹೇಗೆ ಗೊತ್ತು?"

"ಈ ಪುಸ್ತಕದಲ್ಲಿದೆ. ಯಾವ ಹಂತದಲ್ಲಿ ಯಾವ ತುಂಡು ಅಂತ ಚಿತ್ರ ಹಾಕಿರ್ತಾರೆ."

"ಪುಸ್ತಕದಲ್ಲಿ ಏನು ಬೇಕಾದ್ರೂ ಇರುತ್ತೆ." ಅವರ ಕಣ್ಣು ಮೇಜಿನ ಮೇಲಿದ್ದ ಚಿಕ್ಕ ತಟ್ಟೆಗೆ ಹೋಯಿತು. ಅದರಲ್ಲಿ ನಾಲ್ಕೈದು ತುಂಡುಗಳು ಉಳಿದಿದ್ದವು. "ಇವೇನು?"

"ಅವು ಹೆಚ್ಚುವರಿ ಸಾರ್. ತೀರಾ ಚಿಕ್ಕದನ್ನ ಒಂದೊಂದು ಜಾಸ್ತಿ ಹಾಕಿರ್ತಾರೆ, ಕಳೆದುಹೋಗುತ್ತೆ ಅಂತ."

"ಕಳೆಯದೇ ಇರೋದನ್ನ ಜಾಸ್ತಿ ಹಾಕಿ, ಕಳೆಯೋದನ್ನ ಒಂದೇ ಹಾಕಿದಾರೆ. ಒಳಗಿನವರದೇ ಕೈವಾಡ," ಎಂದು ಇನ್ಸ್‌ಪೆಕ್ಟರು ಅಡುಗೆಮನೆಯತ್ತ ಅರ್ಥಗರ್ಭಿತವಾಗಿ ನೋಡಿದರು. ಅಲ್ಲಿಂದ ಸೌಟು ಕುಕ್ಕಿದ ಸದ್ದು ಬಂತು. ಅವರು ಕೂಡಲೇ ತನಿಖೆಯ ದಿಕ್ಕು ಬದಲಿಸಿದರು.

ಮಾತು ಕೇಳಿ ಎದುರು ಮನೆಯ ಅಜ್ಜಿ ಬೆಕ್ಕನ್ನು ಎತ್ತಿಕೊಂಡು ಬಂದರು. "ಇದೆಲ್ಲ ನಿನ್ನದೇನಪ್ಪಾ? ನಾನು ಇಷ್ಟು ದಿನ ಯಾರೋ ಮಗೂದು ಅಂದ್ಕೊಂಡಿದ್ದೆ."

"ನನಗೆ ನಲವತ್ತಾರು ವರ್ಷ ಅಜ್ಜಿ."

"ಅದಕ್ಕೇ ಕೇಳಿದ್ದು." ಅಜ್ಜಿ ಗೋಪುರವನ್ನು ದಿಟ್ಟಿಸಿ ನೋಡಿದರು. ಆಮೇಲೆ ಬೆಕ್ಕನ್ನು ನೋಡಿದರು. "ನಿನ್ನೆ ಮಧ್ಯಾಹ್ನ ಇದು ನಿಮ್ಮನೇಲಿತ್ತು. ಆಗಿಂದ ಹಾಲೂ ಮೂಸಿಲ್ಲ."

ಬೆಕ್ಕು ತಕ್ಷಣ ಇನ್ಸ್‌ಪೆಕ್ಟರ ವಶವಾಯಿತು. ಅಜ್ಜಿ ಹರಳೆಣ್ಣೆ ತಂದರು. ಪ್ರೂಫ್ ರೀಡರು ಕಾಲು ಹಿಡಿದ, ಇನ್ಸ್‌ಪೆಕ್ಟರು ಅದರ ಬಾಯಿ ತೆರೆಸಿದರು. ಎಣ್ಣೆಯಲ್ಲಿ ಕಾಲು ಭಾಗ ಬೆಕ್ಕಿನೊಳಗೆ ಹೋಯಿತು, ಉಳಿದದ್ದು ಇನ್ಸ್‌ಪೆಕ್ಟರ ಅಂಗಿಗೆ. ಒಂದು ಗಂಟೆಯ ನಂತರ ಬೆಕ್ಕು ಮೆಟ್ಟಿಲ ಮೇಲೆ, ಇನ್ಸ್‌ಪೆಕ್ಟರ ಕಾಲೊರಸಿನ ಮೇಲೆ, ಅಜ್ಜಿಯ ಹೊಸ್ತಿಲ ಮೇಲೆ ತನ್ನ ಹೇಳಿಕೆಯನ್ನು ವಿವರವಾಗಿ ಕೊಟ್ಟಿತು. ಅದರಲ್ಲಿ ಬೂದು ಬಣ್ಣದ್ದು ಏನೂ ಇರಲಿಲ್ಲ.

"ತುಂಡುಗಳನ್ನ ಎಂದಾದ್ರೂ ತೊಳೆದಿದ್ರಾ?" ಇನ್ಸ್‌ಪೆಕ್ಟರು ಕೇಳಿದರು.

ತೊಳೆದಿದ್ದ. ಸಿಂಕಿನಲ್ಲಿ. ಅರ್ಧ ಗಂಟೆಯಲ್ಲಿ ಪ್ಲಂಬರು ಬಂದು ಸಿಂಕಿನ ಕೆಳಗೆ ಮಲಗಿದ. ಪೈಪಿನಿಂದ ಒಂದು ಬೀಗದ ಕೈ, ಎರಡು ಚಮಚ, ಹನ್ನೊಂದು ಗುಂಡಿ ಮತ್ತು ಬಾಚಣಿಗೆಯ ಅರ್ಧ ಭಾಗ ಹೊರಬಂದವು.

"ಸಾರ್, ಯಾರ ತಲೆ ಮೇಲೂ ಆಣೆ ಇಡಲ್ಲ, ಆದ್ರೆ ಇನ್ನೂ ಒಳಗೆ ಏನೋ ಇದೆ," ಎಂದು ಪ್ಲಂಬರು ಸ್ಪ್ಯಾನರಿನಿಂದ ಗೋಡೆಯ ಕಡೆಯ ಪೈಪಿಗೆ ಒಂದು ಕೊಟ್ಟ. ಅದು ಹಳೆಯ ಪೈಪು; ಬಹಳ ದಿನದಿಂದ ಇಂಥದೊಂದು ಅವಕಾಶಕ್ಕೆ ಕಾಯುತ್ತಿದ್ದ ಹಾಗೆ ಬಿರಿಯಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇನ್ಸ್‌ಪೆಕ್ಟರ ಹೆಂಡತಿಯ ಕೂಗು ಕೇಳಿತು. ಅವರ ದೇವರ ಕೋಣೆಯಲ್ಲಿ ಮಳೆ ಬರುತ್ತಿತ್ತು.

ಬಂದವರೆಲ್ಲ ಬಕೆಟ್ಟು ಹಿಡಿದು ಕೆಳಗೆ ಓಡಿದರು. "ದಾರ ಮುಗಿದಿದೆ, ತಂದುಬಿಡ್ತೀನಿ," ಎಂದು ಹೆಂಡತಿ ಚೀಲ ಹಿಡಿದು ಹೊರಟಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಕೆನ್ನೆಗೆ ಧೂಳು ಮೆತ್ತಿಕೊಂಡು ಕೂತಿದ್ದ ಗಂಡನನ್ನು ನೋಡಿದಳು.

ಮನೆ ಖಾಲಿಯಾಯಿತು. ಇಡೀ ದಿನದಲ್ಲಿ ಮೊದಲ ಸಲ ಸದ್ದಡಗಿತು. ಅವನು ಸುಮ್ಮನೆ ತಟ್ಟೆಯಲ್ಲಿದ್ದ ಹೆಚ್ಚುವರಿ ತುಂಡುಗಳನ್ನು ನೋಡುತ್ತ ಕೂತ. ಒಂದು ಗುಂಡಗಿನದು, ಎರಡು ಮೊಳೆಯಂಥವು, ಇನ್ನೊಂದು ಕಡುಬೂದು ಬಣ್ಣದ, ಒಂದು ಕಡೆ ಇಳಿಜಾರಾದ ತುಂಡು.

ಇಳಿಜಾರಾದ ತುಂಡನ್ನು ಯಾರೂ ಹೆಚ್ಚುವರಿ ಹಾಕುವುದಿಲ್ಲ.

ಅವನು ಪುಸ್ತಕ ತಿರುವಿದ. ನಲವತ್ತೊಂದನೆಯ ಹಂತ: ಗೋಪುರದ ಒಳಗಿನ ಮೆಟ್ಟಿಲು, ಕಡುಬೂದು. ಕಿಟಕಿಯ ಮೂಲಕ ಟಾರ್ಚು ಬಿಟ್ಟ. ಕತ್ತಲಲ್ಲಿ ಎಲ್ಲ ಮೆಟ್ಟಿಲೂ ಕಪ್ಪಗಿದ್ದವು. ಮೂರನೆಯದು ಮಾತ್ರ ತಿಳಿಯಾಗಿತ್ತು. ಚಾವಣಿಯ ತುಂಡು ಅಲ್ಲಿ ಮೆಟ್ಟಿಲಾಗಿ ಕೂತಿತ್ತು. ಅವನೇ ಕೂರಿಸಿದ್ದ. ಇಪ್ಪತ್ತೆರಡು ವರ್ಷದ ಕಣ್ಣು.

ತೆಗೆಯಬೇಕಾದರೆ ಗೋಪುರ ಬಿಚ್ಚಬೇಕು. ಬಿಚ್ಚಿ ಕಟ್ಟಲು ಎರಡು ದಿನ. ಗಂಟೆ ನಾಲ್ಕಾಗಿತ್ತು. ಕೆಳಗೆ ಹೋಗಿ ಹೇಳಿಬಿಡಬೇಕು ಎಂದು ಎದ್ದ. ಮೆಟ್ಟಿಲಲ್ಲಿ ಅಜ್ಜಿ ಬೆಕ್ಕನ್ನು ಒರೆಸುತ್ತ ಸಮಾಧಾನ ಮಾಡುತ್ತಿದ್ದರು. ಇನ್ಸ್‌ಪೆಕ್ಟರು ಲುಂಗಿ ಎತ್ತಿ ಕಟ್ಟಿ ದೇವರುಗಳನ್ನು ಒಂದೊಂದಾಗಿ ನಡುಮನೆಗೆ ಸಾಗಿಸುತ್ತಿದ್ದರು. "ಧೈರ್ಯವಾಗಿರಿ ಪ್ರೂಫು, ಬಿಡಲ್ಲ ನಾನು!" ಎಂದು ಅಲ್ಲಿಂದಲೇ ಕೂಗಿದರು. ಅವನು ತಿರುಗಿ ಬಂದು ಕೂತ.

ಐದೂವರೆಗೆ ಹೆಂಡತಿ ಬಂದಳು. ಹಿಂದೆಯೇ ಉಳಿದವರೂ, ಒದ್ದೆಯಾಗಿ, ಬಂದರು. ಅವಳು ನೇರ ಫ್ರಿಜ್ಜಿನ ಬಳಿ ಹೋಗಿ ಬಗ್ಗಿ, ಒಂದು ಕ್ಷಣ ಕೈಯಾಡಿಸಿ ಎದ್ದಳು.

"ಇದೇನಾ ನೋಡಿ."

ಅಂಗೈಯಲ್ಲಿ ತಿಳಿಬೂದು ಇಳಿಜಾರು ತುಂಡು. ಅದರ ಮೇಲೆ ಚೂರೂ ಧೂಳಿರಲಿಲ್ಲ. ಅವಳ ಭುಜದ ಚೀಲದಿಂದ, ದಾರದ ಉಂಡೆಗಳ ನಡುವೆ, ಇಂಥದೇ ಪ್ಲಾಸ್ಟಿಕ್ ಇಟ್ಟಿಗೆಗಳ ಪುಟ್ಟ ಡಬ್ಬಿಯೊಂದು ಇಣುಕುತ್ತಿತ್ತು. ಅದರ ಮುಚ್ಚಳ ಹರಿದಿತ್ತು. ಅವನೊಬ್ಬನೇ ಅದನ್ನು ನೋಡಿದ.

"ಹಾಕ್ರೀ, ಹಾಕ್ರೀ!" ಇನ್ಸ್‌ಪೆಕ್ಟರು ಅವಸರಪಡಿಸಿದರು.

ಅವನು ಹಾಕಿದ. ಟಿಕ್ ಎಂದಿತು. ಚಪ್ಪಾಳೆ ಬಿತ್ತು. ಪ್ಲಂಬರು ಕಣ್ಣೊರೆಸಿಕೊಂಡ. ಆರಕ್ಕೆ ಸರಿಯಾಗಿ ಬಡಗಿ ಬಂದಾಗ ಹೆಂಡತಿಯೇ ಹೇಳಿದಳು: "ಕಪಾಟು. ಕೋಣೆ ಅವರದು."

"ಅವರೊಬ್ಬರದಲ್ಲಮ್ಮ," ಇನ್ಸ್‌ಪೆಕ್ಟರು ಮೀಸೆ ತೀಡಿದರು. "ಇಷ್ಟು ಜನ ಸೇರಿ ಪೂರ್ತಿ ಮಾಡಿದ್ದು. ಇನ್ನು ಮೇಲೆ ಪ್ರತಿ ಭಾನುವಾರ ಎಲ್ಲರೂ ಆ ಕೋಣೇಲೇ ಸೇರೋದು. ಏನಂತೀರಿ ಅಜ್ಜಿ?"

"ನನಗೆ ಸೇತುವೆ ಕಟ್ಟಬೇಕು ಅಂತ ಆಸೆ ಕಣಪ್ಪಾ," ಅಜ್ಜಿ ಹೇಳಿದರು.

"ಉದ್ದ ಬೆಂಚು ಹಾಕ್ಲಾ ಹಾಗಾದ್ರೆ?" ಬಡಗಿ ಅಳತೆಪಟ್ಟಿ ಎಳೆದ. "ನನಗೂ ಒಂದು ಜಾಗ ಬಿಡಿ."

ಒಂದು ತಿಂಗಳ ನಂತರದ ಭಾನುವಾರ ಕೋಣೆಯಲ್ಲಿ ಐದು ಜನರೂ ಒಂದು ಬೆಕ್ಕೂ ಇದ್ದರು. ಇನ್ಸ್‌ಪೆಕ್ಟರು ಪ್ರತಿ ತುಂಡಿಗೂ ಸಹಿ ಹಾಕಿಸಿಕೊಳ್ಳುತ್ತಿದ್ದರು. ಪ್ಲಂಬರು ಮತ್ತು ಬಡಗಿ ಒಂದು ಗೋಡೆಯ ವಿಚಾರವಾಗಿ ಮಾತು ಬಿಟ್ಟಿದ್ದರು, ಆದರೂ ಸುಮ್ಮನಿರಲಿಲ್ಲ. ಅಜ್ಜಿ ಸೇತುವೆ ಕಟ್ಟುತ್ತ ತಮ್ಮ ಮದುವೆಯ ಕತೆ ಹೇಳುತ್ತಿದ್ದರು. ಜಾಗ ಸಾಲದೆ ಪ್ರೂಫ್ ರೀಡರು ಬಾಗಿಲ ಬಳಿ ಮೊಣಕಾಲು ಮಡಚಿ ಕೂತಿದ್ದ.

ಅಲ್ಲಿಂದ ನಡುಮನೆ ಕಾಣುತ್ತಿತ್ತು. ಅಳತೆ ಕೊಡುವವರು ಇಷ್ಟು ಗದ್ದಲಕ್ಕೆ ಹೆದರಿ ಭಾನುವಾರ ಬರುವುದನ್ನೇ ಬಿಟ್ಟಿದ್ದರು. ಹೆಂಡತಿ ಒಬ್ಬಳೇ ಕಿಟಕಿಯ ಬೆಳಕಿನಲ್ಲಿ ಕೂತು, ಯಾರೂ ಮಾತಾಡಿಸದೆ, ಒಂದು ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿ ನಕ್ಕಳು. ಅವನೂ ನಕ್ಕ.

ಆ ತುಂಡು ಕಳೆದೇ ಇರಲಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.