ಎಂಟು ಗಂಟೆಯ ಕಣ್ಣೀರು

ಗಂಡ ಅತ್ತರೆ ಹೆಂಡತಿ ಏನು ಮಾಡಬೇಕೆಂದು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಡಲಿಲ್ಲ. (ಹೇಳಿಕೊಡಬೇಕಾದ ಸಿಸ್ಟರುಗಳಿಗೆ ಗಂಡಂದಿರೇ ಇರಲಿಲ್ಲ, ಅವರನ್ನು ದೂರುವಂತಿಲ್ಲ.) ಹಾಗಾಗಿ ಮೂರು ತಿಂಗಳು ನಾನು ಪಟ್ಟ ಪಾಡಿಗೆ ನಾನೇ ಹೊಣೆ.

ನಮ್ಮನೆಯವರಿಗೆ ಅರವತ್ಮೂರು. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಎದುರಿಗಿರೋದನ್ನ ಎಮ್ಮೆನೂ ನೋಡುತ್ತೆ, ಪಕ್ಕದಲ್ಲಿರೋದನ್ನ ನೋಡೋನೇ ಡ್ರೈವರ್ ಎಂಬುದು ಅವರ ಮೂಲಮಂತ್ರ. ಇಂಥ ಮಹಾನುಭಾವರು ಮನೆಯಲ್ಲಿ ಎಡಗೈ ಪಕ್ಕದ ಲೋಟ ಬೀಳಿಸತೊಡಗಿದರು. ಬಾಗಿಲಿಗೆ ಭುಜ ತಾಗಿಸಿಕೊಂಡರು. ನಾನು ಎಡಗಡೆಯಿಂದ ಬಂದರೆ ಬೆಚ್ಚಿಬಿದ್ದರು. ಮೂರನೇ ಗಾಜಿನ ಲೋಟ ಒಡೆದ ದಿನ ನನಗೂ ತಡೆಯಲಾಗಲಿಲ್ಲ. ಮೂವತ್ತೆರಡು ವರ್ಷದಿಂದ ಪಕ್ಕದಲ್ಲೇ ಇರುವ ನಾನೇ ಕಾಣದವರಿಗೆ ಲೋಟ ಎಲ್ಲಿ ಕಾಣಬೇಕು ಎಂದುಬಿಟ್ಟೆ. ವಾಕ್ಯ ಚೆನ್ನಾಗಿ ಬಂದಿದ್ದರಿಂದ ಇನ್ನೊಮ್ಮೆಯೂ ಹೇಳಿದೆ.

ಅದೇ ವಾರ ಶುರುವಾಯಿತು. ರಾತ್ರಿ ಎಂಟಾದರೆ ಇವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವರು. ಐದು ನಿಮಿಷಕ್ಕೆ ಹೊರಬಂದರೆ ಕಣ್ಣು ಕೆಂಪಗೆ, ಎರಡೂ ಕೆನ್ನೆಯ ಮೇಲೆ ಒದ್ದೆ ಗೆರೆ. ಏನ್ರೀ ಎಂದರೆ ಏನಿಲ್ಲ ಕಣೇ. ತಮ್ಮ ಅಪ್ಪ ಹೋದಾಗಲೂ ಹನಿ ಉದುರಿಸದ ಮನುಷ್ಯ ನನ್ನ ಒಂದು ವಾಕ್ಯಕ್ಕೆ ದಿನಾ ಅಳುತ್ತಿದ್ದಾರೆ!

ಪ್ರಾಯಶ್ಚಿತ್ತ ಕೈಗೊಂಡೆ. ಟೀವಿಯ ರಿಮೋಟನ್ನು ಅವರ ಪಾದಾರವಿಂದಗಳಿಗೆ ಅರ್ಪಿಸಿದೆ. ಗೆಲ್ಲುವ ವಾದಗಳನ್ನೆಲ್ಲ ಕೈಯಾರೆ ಸೋತೆ. ಸ್ಕೂಲಿನಲ್ಲಿ ಅವರ ಜೊತೆ ಕಲಿಸುವ ತಮ್ಮ ಹತ್ತು ವರ್ಷದಿಂದ ಹೇಳುತ್ತಿರುವ ಅದೇ ಜೋಕಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನು ಅವರಿಗೇ ಕೊಟ್ಟೆ. ಇವರೋ, ಎಂಟಕ್ಕೆ ತಪ್ಪದೆ ಅಶ್ರುಧಾರೆ ಹರಿಸಿ, ಬೆಳಗ್ಗೆದ್ದು ಶಿಳ್ಳೆ ಹಾಕಿಕೊಂಡು ಶೇವ್ ಮಾಡಿಕೊಳ್ಳುವರು. ದುಃಖಿಯ ತೂಕ ಎರಡು ಕೇಜಿ ಏರಿತು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮೂರು ತಿಂಗಳಾದ ಮೇಲೆ ಒಂದು ದಿನ, ಕಣ್ಣಾಸ್ಪತ್ರೆಗೆ ಹೋಗಬೇಕು, ಪಾಪೆ ಹಿಗ್ಗಿಸುವ ಔಷಧಿ ಹಾಕುತ್ತಾರಂತೆ, ಜೊತೆಗೊಬ್ಬರು ಬೇಕಂತೆ ಎಂದು ಗೋಡೆ ನೋಡುತ್ತಾ ಹೇಳಿದರು. ಅತ್ತೂ ಅತ್ತೂ ಕಣ್ಣೇ ಕೆಟ್ಟಿತಲ್ಲಪ್ಪಾ ಎಂದುಕೊಂಡು ಜೊತೆಗೆ ಹೊರಟೆ.

ಡಾಕ್ಟರಮ್ಮ ಕಣ್ಣಿನ ಒತ್ತಡ ಅಳೆದರು, ಹಳೇ ಚೀಟಿ ನೋಡಿದರು, ಮತ್ತೆ ಅಳೆದರು. ಮೂರು ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ ಇದೆಯಲ್ಲ, ಹನಿ ಹಾಕಿಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದರು ಇವರು. ಎಂಟು ಗಂಟೆಗೆ ಸರಿಯಾಗಿ.

ಎಂಟು ಗಂಟೆ! ನಾನು ಕುರ್ಚಿಯ ಅಂಚಿಗೆ ಬಂದೆ.

ಡಾಕ್ಟರಮ್ಮ ದೀಪವನ್ನು ಇವರ ಕಣ್ಣಿನಿಂದ ಕೆಳಕ್ಕಿಳಿಸಿದರು. ಎರಡೂ ಕಣ್ಣಿನ ಕೆಳಗೆ ಚರ್ಮ ಕಪ್ಪಾಗಿ, ಒಂದೊಂದು ಮರಿಮೀಸೆಯಷ್ಟು ನವಿರು ಕೂದಲು.

"ಈ ಔಷಧಿ ತಾಗಿದ ಕಡೆ ಕೂದಲು ಬೆಳೆಯುತ್ತೆ," ಎಂದರು ಆಕೆ. "ನೀವು ಕಣ್ಣಿಗಲ್ಲ, ಕೆನ್ನೆಗೆ ಹಾಕ್ಕೊಂಡಿದೀರಿ."

"ಹನಿ ಬೀಳೋ ಮುಂಚೆ ರೆಪ್ಪೆ ಬ್ರೇಕ್ ಹಾಕಿಬಿಡುತ್ತೆ ಮೇಡಂ," ಎಂದರು ನಮ್ಮನೆಯವರು, ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾದವರ ದನಿಯಲ್ಲಿ. ಇಕ್ಕಟ್ಟಾದ ಸಂದಿಗೆ ರಿವರ್ಸ್‌ನಲ್ಲಿ ಕಾರು ತೂರಿಸುವ ಮನುಷ್ಯನಿಗೆ ಒಂದು ಹನಿಯನ್ನು ಪಾರ್ಕ್ ಮಾಡಲು ಬಂದಿರಲಿಲ್ಲ.

ಆಮೇಲೆ ಆಕೆ ನನಗೆ ಬಿಡಿಸಿ ಹೇಳಿದರು. ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ. ಕಣ್ಣೊಳಗೆ ಸದಾ ಹುಟ್ಟುವ ನೀರು ಹೊರಹೋಗುವ ಜಾಲರಿ ವಯಸ್ಸಾದಂತೆ ಕೆಲವರಿಗೆ ಕಟ್ಟಿಕೊಳ್ಳುತ್ತದೆ. ಒತ್ತಡ ಏರಿ ನೋಟದ ನರ ಸವೆಯುತ್ತದೆ. ನೋವಿಲ್ಲ, ಉರಿಯಿಲ್ಲ, ಸದ್ದಿಲ್ಲದೆ ಅಂಚಿನ ನೋಟ ಮೊದಲು ಹೋಗುತ್ತದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹನಿಯಿಂದ ಉಳಿಸಿಕೊಳ್ಳಬಹುದು, ಅದು ಕಣ್ಣಿಗೆ ಬಿದ್ದರೆ.

ಅಂದರೆ ಲೋಟ ಅವರಿಗೆ ನಿಜಕ್ಕೂ ಕಂಡಿರಲಿಲ್ಲ. ಅಷ್ಟು ಚೆನ್ನಾಗಿ ಬಂದಿದ್ದ ನನ್ನ ವಾಕ್ಯವನ್ನು ನಾನು ಎರಡೆರಡು ಸಲ ಹೇಳಿದ್ದೆ.

ಹೊರಗಿನ ಬೆಂಚಿನ ಮೇಲೆ ಕೂತಾಗ ಕೇಳಿದೆ. "ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಕಾರಿನ ಕೀ ಕಿತ್ಕೋತಿದ್ದೆ."

"ಹೌದು, ಕಿತ್ಕೋತಿದ್ದೆ."

ಡ್ರೈವಿಂಗ್ ಮಾಸ್ತರಿಗೇ ಪಕ್ಕ ಕಾಣೋದಿಲ್ಲ ಅಂತ ಗೊತ್ತಾದರೆ ಯಾರು ಬರ್ತಾರೆ ಕಲಿಯೋಕೆ ಎಂದು ನೆಲ ನೋಡಿದರು. ನಾನು ಅವರ ಜೇಬಿನಿಂದ ಕೀ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಬೋರ್ಡಿನ ಮುಂದಿನ ಪಾಠ ನಿಮ್ಮದು, ಕಾರಿನ ಸೀಟಿನ ಪಾಠ ನಿಮ್ಮ ತಮ್ಮನದು, ಡಾಕ್ಟರು ಸರಿ ಎನ್ನುವವರೆಗೆ ಹೀಗೇ ಎಂದೆ. ಅವರು ಜಗಳವಾಡಲಿಲ್ಲ. ಅದಕ್ಕೇ ನನಗೆ ಅನುಮಾನ ಬಂತು.

"ನೀವು ಅಳ್ತಿದೀರಿ ಅಂತ ನಾನಂದ್ಕೊಂಡಿದ್ದು ಗೊತ್ತಿತ್ತಾ?"

"ಎರಡನೇ ವಾರದಿಂದ," ಎಂದರು. "ನೀನು ಅಷ್ಟು ಚೆನ್ನಾಗಿ ನೋಡ್ಕೋತಿದ್ದೆ. ಕೆಡಿಸೋಕೆ ಮನಸ್ಸು ಬರ್ಲಿಲ್ಲ ಕಣೇ."

ಇದಕ್ಕೆ ತಕ್ಕ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವರು ಎದ್ದು ಎಡಗಡೆಯ ಕುರ್ಚಿಗೆ ಮೊಣಕಾಲು ಬಡಿದುಕೊಂಡರು. ನಾನು ಎಡಗಡೆಗೆ ಹೋಗಿ ಕೈ ಹಿಡಿದುಕೊಂಡೆ.

ಈಗ ಹನಿ ಹಾಕುವ ಅಧಿಕಾರ ನನ್ನದು. ಎಂಟಕ್ಕೆ ನನ್ನ ತೊಡೆಯ ಮೇಲೆ ತಲೆ. ಕೆಳರೆಪ್ಪೆ ಎಳೆದು ಒಂದೊಂದೇ ಹನಿ, ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಗಳನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿಯುತ್ತದಂತೆ. ಎರಡೂ ಕೈ ಅಲ್ಲಿ, ಮನಸ್ಸಿನಲ್ಲಿ ನೂರಿಪ್ಪತ್ತರವರೆಗೆ ಎಣಿಕೆ. ಮೊದಲ ದಿನ ಮೂವತ್ತೇಳಕ್ಕೆ ಬಂದಿದ್ದೆ. "ನಮ್ಮ ಮದುವೆ ದಿನ ನಿಮ್ಮಣ್ಣ ನನಗೇನಂದ ಗೊತ್ತಾ?" ಎಂದು ಶುರುಮಾಡಿದರು. ನಮ್ಮಣ್ಣ ಹಾಗೆ ಅನ್ನುವವನೇ ಅಲ್ಲ ಎಂದು ಬಾಯಿಬಿಟ್ಟೆ, ಎಣಿಕೆ ತಪ್ಪಿತು. ಮತ್ತೆ ಒಂದರಿಂದ. ಅವರಿಗೆ ಇನ್ನೆರಡು ನಿಮಿಷ ಸಿಕ್ಕಿತು.

ಮೂವತ್ತೆರಡು ವರ್ಷದಲ್ಲಿ ಎದುರುತ್ತರವಿಲ್ಲದೆ ಮಾತಾಡುವ ಜಾಗ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಮೊಬೈಲಿನಲ್ಲಿ ಅಲಾರಂ ಇಡೋಣವೆಂದರೆ, ಡಾಕ್ಟರು ಎಣಿಸಿ ಅಂದಿದ್ದಾರೆ ಎನ್ನುತ್ತಾರೆ. ಒತ್ತಡವೇನೋ ಚೆನ್ನಾಗಿ ಇಳಿದಿದೆ. (ನನ್ನದನ್ನು ಯಾರೂ ಅಳೆದಿಲ್ಲ.) ದೂರುಗಳನ್ನು ವರ್ಷವಾರು ಹೇಳುತ್ತಿದ್ದು, ನಿನ್ನೆಗೆ ಮದುವೆಯ ಏಳನೇ ವರ್ಷ ಮುಗಿಯಿತು.

ಈ ಹನಿ ಎಷ್ಟು ದಿನ ಹಾಕಬೇಕು ಎಂದು ಮೊನ್ನೆ ಡಾಕ್ಟರಮ್ಮನನ್ನು ಗುಟ್ಟಾಗಿ ಕೇಳಿದೆ.

ಜೀವನಪರ್ಯಂತ ಎಂದರು.