ಬದನೆ ಮುಳ್ಳೊಂದಕ್ಕೆ ದಂಡೆತ್ತಿ ಬಂದ ಬಿಳಿ ರಕ್ತಕಣಗಳಿಗೆ

ಮಾನ್ಯರೇ,

ನನ್ನ ಸೊಂಟದ ಬೊಜ್ಜಿನಲ್ಲಿ ಬಿಡಾರ ಹೂಡಿ ಸುಖವಾಗಿರುವ ತಮಗೆ ನಂಜನಗೂಡಿನಿಂದ ಬೆಟ್ಟಸ್ವಾಮಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದದ್ದು ಬರವಣಿಗೆಯಲ್ಲಿ ಮಾತ್ರ, ಹೊಟ್ಟೆ ಅಡ್ಡ ಬರುವುದರಿಂದ ಎಂಟರಲ್ಲಿ ಮೂರು ಅಂಗ ನೆಲ ಮುಟ್ಟುವುದಿಲ್ಲ. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಮುಂದಿನದು ಮರೆತಿದೆ, ಕನ್ನಡದಲ್ಲೇ ಅರಿಕೆ ಮಾಡುತ್ತೇನೆ.

ಮೊನ್ನೆ ಬದನೆಕಾಯಿ ಹೆಚ್ಚುವಾಗ ತೊಟ್ಟಿನ ಮುಳ್ಳು ಉಂಗುರದ ಬೆರಳಿಗೆ ಚುಚ್ಚಿತು. ತಮ್ಮಲ್ಲೊಬ್ಬ ಪೇದೆ ಬಂದಿದ್ದರೆ ಸಾಕಿತ್ತು. ತಾವು ಇಡೀ ಮೀಸಲು ಪಡೆಯನ್ನೇ ಕಳುಹಿಸಿದಿರಿ. ಎಂಥ ಕರ್ತವ್ಯನಿಷ್ಠೆ! ಮುಳ್ಳು ಅಂದೇ ಹೊರಬಂದರೂ ಪಡೆ ಹಿಂದಿರುಗಲಿಲ್ಲ. ಪಕ್ಕದ ಮನೆಯ ಚಿಕ್ಕಮಾದು ನೋಡಿ, "ಏನ್ ಸಾ, ಬದ್ನೆ ಮುಳ್ ಚುಚ್ಚುದ್ರೆ ಬೆಳ್ಳು ಬಾಳೆಕಾಯ್ ಆಗೋಯ್ತಲ್ಲಾ! ಇನ್ನೊಂದ್ಸಲ ಚುಚ್ಚುಸ್ಕೊಳಿ, ಗೊನೆನೇ ಬುಟ್ಟಾತು" ಎಂದ.

ಡಾಕ್ಟರ್ ಚೈತ್ರ ಮಾತ್ರ ತಮ್ಮ ಪರ ವಕಾಲತ್ತು ವಹಿಸಿದರು. "ಅವುಗಳದ್ದೇನೂ ತಪ್ಪಿಲ್ಲ ಅಂಕಲ್. ಬೊಜ್ಜು ಜಾಸ್ತಿಯಾದ್ರೆ ಆ ಕಣಗಳು ಆಹಾರ ಉರಿಸೋ ರೀತಿನೇ ಬದಲಾಗುತ್ತೆ. ಅವುಗಳ ಮೈಟೊಕಾಂಡ್ರಿಯಾದಲ್ಲಿ ಬೇಡದಿದ್ರೂ ಡಿಎನ್‌ಎ ತಯಾರಾಗಿ, ಕೆಟ್ಟು, ಅಪಾಯದ ಗಂಟೆ ಬಾರಿಸುತ್ತೆ. ಸಣ್ಣದಕ್ಕೂ ದೊಡ್ಡ ಊತ. ನಾಳೆ ಬೆಳಿಗ್ಗೆಯೊಳಗೆ ಇಳೀದಿದ್ರೆ ಊತದಲ್ಲಿ ಸಿಕ್ಕಿಕೊಂಡಿರೋ ಈ ಉಂಗುರ ಕತ್ತರಿಸಲೇಬೇಕು, ಇಲ್ಲಾಂದ್ರೆ ಬೆರಳೇ ಹೋಗುತ್ತೆ."

ಮೈಟೊಕಾಂಡ್ರಿಯಾ! 'ಪವರ್‌ಹೌಸ್ ಆಫ್ ದಿ ಸೆಲ್' ಎಂದು ಬರೆದು ಪಿಯುಸಿಯಲ್ಲಿ ಎರಡು ಅಂಕ ಪಡೆದವನು ನಾನು. ಅದು ಹೀಗೆ ಬೆನ್ನು ಹತ್ತುತ್ತದೆಂದು ಮೇಷ್ಟ್ರು ಹೇಳಿರಲಿಲ್ಲ.

ನನ್ನ ತಪ್ಪೂ ಇದೆಯೆನ್ನಿ. ನನ್ನಾಕೆ ಮಲ್ಲಾಜಮ್ಮ ತೀರಿಕೊಂಡು ನಾಲ್ಕು ವರ್ಷವಾದರೂ ಪಾತ್ರೆಗೆ ಎರಡು ಪಾವು ಅಕ್ಕಿಯನ್ನೇ ಹಾಕುತ್ತೇನೆ. ಒಂದಕ್ಕೆ ನಿಲ್ಲಿಸಲು ಕೈ ಬರುವುದಿಲ್ಲ, ಬೆಂದದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಅವಳ ಪಾಲನ್ನೂ ನಾನೇ ಉಂಡು ತಮ್ಮನ್ನು ಸಾಕಿದೆ. ಈ ಉಂಗುರವಾದರೋ ಕಳಲೆ ಊರಿನ ಮದುವೆ ಚಪ್ಪರದಡಿ ಅವಳೇ ತೊಡಿಸಿದ್ದು, ಒಂದು ದಿನವೂ ಕಳಚಿದವನಲ್ಲ. ಆದ್ದರಿಂದ ತಾವು ದಯಮಾಡಿ ಹೊಟ್ಟೆಯ ಎಡಮೂಲೆಯಲ್ಲಿ ತಮ್ಮವರು ಬೀಡುಬಿಡುವ ನನ್ನ ಗುಲ್ಮದಲ್ಲಿ ತುರ್ತು ಸಭೆ ಸೇರಿ, ಠರಾವು ಪಾಸು ಮಾಡಿ, ಬೆಳಗಾಗುವುದರೊಳಗೆ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಗಿಯೂ, ಪೌರುಷ ಇನ್ನೂ ಮಿಕ್ಕಿದ್ದರೆ ನಮ್ಮ ಬೀದಿಯ ಸೊಳ್ಳೆಗಳ ಮೇಲೆ ತೋರಿಸಬೇಕಾಗಿಯೂ ಕೋರುತ್ತೇನೆ.

ತಮ್ಮನ್ನು ಹೊತ್ತು ತಿರುಗುತ್ತಲೇ ಇರುವ,
ತಮ್ಮ ವಿಶ್ವಾಸಿ,
ಬೆಟ್ಟಸ್ವಾಮಿ

ವಿ.ಸೂ.: ತಮ್ಮಿಂದ ಉತ್ತರ ಬಾರದ ಕಾರಣ ಇಂದು ಬೆಳಿಗ್ಗೆ ಉಂಗುರ ಕತ್ತರಿಸಿದರು. ಅದು ಕೂತಿದ್ದ ಕಡೆ ಬೆಳ್ಳಗಿನ ತಗ್ಗೊಂದು ಉಳಿದಿದೆ. ಅದು ಗಾಯವಲ್ಲ; ವಾಸಿ ಮಾಡುತ್ತೇವೆಂದು ತಮ್ಮಲ್ಲಿ ಯಾರೂ ಆ ಕಡೆ ಸುಳಿಯಕೂಡದು.