ಅಕ್ಕ ಕೇಳಿದ ರೋಬೋಟ್ ತಲೆ

ನಮ್ಮ ಕಡೆ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಒಂದು ಕೆಲಸ ಮಾಡಿ ಮುಗಿಸಿದ ಅನ್ನುವುದು ಇನ್ನೂ ಆಗಿಲ್ಲ. ಕೆಲಸ ಯಾರದೇ ಇರಲಿ, ಕೈ ಹಚ್ಚುವವರು ಹತ್ತು ಮಂದಿ, ಬುದ್ಧಿ ಹೇಳುವವರು ನೂರು ಮಂದಿ. ನಾನು ಜೇವರ್ಗಿಯಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ ಬರೆಯುವ ಪೇಂಟರ್. ಬ್ರಷ್ ಎತ್ತಿದರೆ ಸಾಕು, ಹಿಂದಿನಿಂದ ಯಾರೋ ಒಬ್ಬರು, ಇನ್ನೊಂದು ಚೂರು ಮೇಲೆ ಬರಲಿ ಅನ್ನುತ್ತಾರೆ. ಅಂಥ ಊರಲ್ಲಿ ಕೂತು ನಾನು ಸಿನಿಮಾದ ರೋಬೋಟ್ ಒಂದರ ತಲೆಯನ್ನು ಇದ್ದದ್ದು ಇದ್ದ ಹಾಗೆ ಮಾಡಲು ಹೊರಟೆ. ಏನಾಗಬೇಕಿತ್ತೋ ಅದೇ ಆಯಿತು.

ಮೂವರು ಕಂಡ ಮುಖ

ನನ್ನ ಅಕ್ಕ ಆಳಂದದಲ್ಲಿದ್ದಾಳೆ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಸಿನಿಮಾ ಅಂದರೆ ಅವಳಿಗೆ ಪ್ರಾಣ. ಸಣ್ಣವನಿದ್ದಾಗಿನಿಂದ ನಾನು ಪಕ್ಕದಲ್ಲಿ ಕೂತು, ಈಗ ಬಂದ, ಈಗ ಬಿದ್ದ, ಈಗ ಸೀರೆ ಬದಲಾಯಿತು ಎಂದು ಹೇಳಬೇಕು, ಅವಳು ಕೇಳಬೇಕು.

ಹೋದ ವರ್ಷ ಕನ್ನಡಕ್ಕೆ ಡಬ್ ಆದ ಒಂದು ಇಂಗ್ಲಿಷ್ ಸಿನಿಮಾ ಸಿಕ್ಕಿತು. ಆಕಾಶದಲ್ಲಿ ಹೋಗುವ ಹಡಗು, ಅದರಲ್ಲೊಬ್ಬಳು ಮುದುಕಿ ವಿಜ್ಞಾನಿ, ಅವಳ ಚಾಕರಿಗೆ ಒಂದು ರೋಬೋಟ್. ಕೊನೆಗೆ ಹಡಗಿನಲ್ಲಿ ಕರೆಂಟು ಸಾಲದಾಗ, ಮುದುಕಿ ಬದುಕಲಿ ಎಂದು ರೋಬೋಟ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ತಲೆಯ ಮೇಲಿನ ಮುಚ್ಚಳ ಟಕ್ ಎಂದು ಬೀಳುತ್ತದೆ. ಆ ಸದ್ದು ಕೇಳಿ ಅಕ್ಕ ಸೆರಗು ತೊಯ್ಯುವಷ್ಟು ಅತ್ತಳು. ಪೆನ್ ಡ್ರೈವಿಗೆ ಹಾಕಿಸಿಕೊಂಡು ಎಷ್ಟು ಸಲ ಹಚ್ಚಿದರೂ ಅಷ್ಟೇ ಅತ್ತಳು.

ಒಂದು ದಿನ ನಾವು ಗಂಡ ಹೆಂಡತಿ ಆಳಂದಕ್ಕೆ ಹೋದಾಗ, ಅದರ ಮುಖ ಹೇಗಿದೆ ಎಂದು ಕೇಳಿದಳು. ಕೊಡ ಬೋರಲು ಹಾಕಿದ ಹಾಗಿದೆ ಅಂದೆ ನಾನು. ಕುಕ್ಕರಿನ ಹಾಗಿದೆ ಅಂದಳು ನನ್ನ ಹೆಂಡತಿ. ಅಕ್ಕನ ಗಂಡ, ನಮ್ಮ ಮಾಮಾ, ಬಹಳ ವಿಚಾರ ಮಾಡಿ, ನಿಮ್ಮ ಸೋದರಮಾವ ಇದ್ದಾನಲ್ಲ, ಥೇಟ್ ಅವನೇ ಅಂದರು.

"ನೀವು ಮೂವರೂ ಒಂದೇ ಸಿನಿಮಾ ನೋಡೀರಿಲ್ಲೋ?" ಅಂದಳು ಅಕ್ಕ. "ಅಷ್ಟು ಅತ್ತೇನಿ. ಯಾರ ಸಲುವಾಗಿ ಅತ್ತೇನಿ ಅಂತ ನನಗ ಗೊತ್ತಿರಬಾರದೇನು? ಒಮ್ಮಿ ಅವನ ಮುಖ ಕೈಯಾಗ ಹಿಡದು ನೋಡಬೇಕು ಅನಸ್ತದ, ತಮ್ಮಾ."

ಅಕ್ಕ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಮಾಡಿಯೇ ತೀರುವುದೆಂದು ನಿಶ್ಚಯಿಸಿದೆ. ಹೆಚ್ಚುಕಡಿಮೆ ಮಾಡಿ ಅವಳ ಬೆರಳಿಗೆ ಮೋಸ ಮಾಡಲು ಬರುವುದಿಲ್ಲ. ಹಾಗಾಗಿ ಸಿನಿಮಾ ನಿಲ್ಲಿಸಿ ನಿಲ್ಲಿಸಿ ಟಿವಿಯ ಮೇಲೆಯೇ ಟೇಪು ಹಿಡಿದು ಅಳತೆ ತೆಗೆಯುತ್ತ ಕೂತೆ. ನಮ್ಮ ಪಕ್ಕದ ಮನೆಯಾಕೆ ಅದನ್ನು ಕಿಟಕಿಯಿಂದ ನೋಡಿ, ನಾನು ಟಿವಿ ಮಾರುತ್ತಿದ್ದೇನೆಂದು ಓಣಿಗೆಲ್ಲ ಹೇಳಿದಳು. ಸಂಜೆ ಒಬ್ಬರು ಬಂದು, ಚಹಾ ಕುಡಿದು, ಸಿನಿಮಾ ಪೂರ್ತಿ ನೋಡಿ, ಚಿತ್ರವೇನೋ ಚಲೋ ಬರುತ್ತದೆ, ರೇಟೇ ಜಾಸ್ತಿ ಆಯಿತು ಅಂದು ಎದ್ದು ಹೋದರು. ನಾನಿನ್ನೂ ರೇಟು ಹೇಳಿರಲೇ ಇಲ್ಲ.

ಗಟ್ಟಿ ಕೆಲಸ

ಚಿತ್ರ ಬರೆದುಕೊಂಡು ಮೊದಲು ಹೋದದ್ದು ಹೈವೇ ಪಕ್ಕದ ವೆಲ್ಡಿಂಗ್ ಅಂಗಡಿಗೆ. ಅಲ್ಲಿಯವರು ಟ್ರಾಲಿ, ಗೇಟು ಮಾಡುವುದರಲ್ಲಿ ಹೆಸರಾದವರು. ತೆಳು ತಗಡಿನಲ್ಲಿ ಆಗಬೇಕೆಂದು ಹತ್ತು ಸಲ ಹೇಳಿ ಬಂದೆ. ತರಲು ಹೋದರೆ ತಲೆ ನೆಲದ ಮೇಲಿತ್ತು. ಎತ್ತಲು ಹೋದೆ, ಅಲುಗಲಿಲ್ಲ. ಟ್ರಾಲಿಯ ತಳಕ್ಕೆ ಹಾಕುವ ದಪ್ಪ ಪ್ಲೇಟಿನಲ್ಲಿ ಮಾಡಿಬಿಟ್ಟಿದ್ದರು. ತೆಳ್ಳಗೆ ಮಾಡಿದರೆ ನಾಳೆ ಎಲ್ಲಾದರೂ ಬಡಿದು ನೆಗ್ಗುತ್ತದೆ, ಅಂಗಡಿಯ ಹೆಸರು ಕೆಡುತ್ತದೆ ಎಂಬುದು ಅವರ ವಾದ.

ಇನ್ನೊಂದು ಉಪಕಾರವೂ ಆಗಿತ್ತು. ಸಿನಿಮಾದ ರೋಬೋಟಿಗೆ ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ಇವರು ಎರಡೂ ಕಣ್ಣು ಸಮ ಮಾಡಿದ್ದರು. ನಿಮ್ಮ ಚಿತ್ರದಲ್ಲಿ ತಪ್ಪು ಬಿದ್ದಿತ್ತು, ನಾವೇ ಸುಧಾರಿಸಿದ್ದೇವೆ ಅಂದರು. ನಾನು ಪೆಚ್ಚಾಗಿ ಅದರ ಹಿಂದೆ ಹೋಗಿ ನೋಡಿದರೆ ಒಂದು ಕೊಂಡಿ ಕಾಣಿಸಿತು. ಇದೇನೆಂದು ಕೇಳಿದೆ.

"ಟ್ರ್ಯಾಕ್ಟರಿಗೆ ಹಚ್ಚಲಿಕ್ಕಿ ಇರಲಿ ಅಂತ ಹಾಕೇವ್ರಿ," ಅಂದರು. "ನೀವು ಹೊರಂಗಿಲ್ಲ ಅಂತ ಗೊತ್ತಿತ್ತು."

ನಗು

ಬೇರೆ ದಾರಿ ಕಾಣದೆ ಅದನ್ನು ಅಲ್ಲಿಯೇ ಬಿಟ್ಟು ಅಫಜಲಪುರದ ತಗಡಿನ ಕೆಲಸದ ಚಾಚಾ ಒಬ್ಬರ ಹತ್ತಿರ ಹೋದೆ. ಕಾಳಿನ ಡಬ್ಬಿ, ಟ್ರಂಕು ಮಾಡುವ ಮುದುಕರು. ಅವರ ಕೈ ಬಹಳ ನಾಜೂಕು. ಆದರೆ ಯಾರ ತಲೆ, ಏನು ಕಥೆ ಎಂದು ತಿಳಿಯದೆ ಸುತ್ತಿಗೆ ಮುಟ್ಟುವುದಿಲ್ಲ ಅಂದರು. ಕಥೆ ಹೇಳುತ್ತ ಕೂತೆ. ಅವರು ಬಡಿಯುತ್ತ ಕೇಳಿದರು. ರೋಬೋಟ್ ತನ್ನನ್ನು ತಾನೇ ಬಂದ್ ಮಾಡಿಕೊಂಡಲ್ಲಿಗೆ ಬಂದಾಗ ಸುತ್ತಿಗೆ ನಿಂತಿತು. ಚಾಚಾ ಕನ್ನಡಕ ತೆಗೆದು ಒರೆಸಿಕೊಂಡು, ಇವತ್ತು ಇನ್ನು ಕೆಲಸ ಆಗುವುದಿಲ್ಲ, ನಾಳೆ ಬಾ ಅಂದರು.

ಮರುದಿನ ಹೋದರೆ ತಲೆ ತಯಾರಾಗಿತ್ತು. ಕಣ್ಣು ಚಿತ್ರದಲ್ಲಿದ್ದ ಹಾಗೆ ಒಂದು ದೊಡ್ಡದು, ಒಂದು ಸಣ್ಣದು ಇದ್ದವು, ಮುಚ್ಚಳ ಸರಿಯಾಗಿ ಟಕ್ ಅನ್ನುತ್ತಿತ್ತು. ಬಾಯಿ ಮಾತ್ರ ನಗುತ್ತಿತ್ತು. ಸಿನಿಮಾದಲ್ಲಿ ಅದು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೆಟ್ಟಗಿದೆ. ನಾನು ಅಕ್ಕನ ವಿಷಯ ಹೇಳಿ, ಚೂರೂ ಫರಕಾಗಬಾರದೆಂದು ಕೈ ಮುಗಿದೆ.

"ಆ ಮುದುಕಿದು ಇಷ್ಟು ಖಿದ್ಮತ್ ಮಾಡ್ಯಾನ ಪಾಪ," ಅಂದರು ಚಾಚಾ. "ಒಂದ್ ಸಲ ನಗಲಿ ಬಿಡಪ್ಪಾ."

ಬಹಳ ಹೊತ್ತು ಕೇಳಿಕೊಂಡ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ನೆಟ್ಟಗೆ ಮಾಡಿಕೊಟ್ಟರು. ಆ ಗಳಿಗೆಯಿಂದ ಅವರ ಬಾಯಿಯೂ ಹಾಗೇ ನೆಟ್ಟಗಾಯಿತು.

ಬಸ್ಸಿನಲ್ಲಿ ದೇವರು

ನಮ್ಮ ಹಳ್ಳಿಗಳಲ್ಲಿ ದೇವರ ಬೆಳ್ಳಿ ಮುಖವನ್ನು ಹೊಳಪು ಮಾಡಿಸಿ ತರುವಾಗ ಹೊಸ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ನೆಲಕ್ಕೆ ತಾಗಿಸದೆ ತರುತ್ತಾರೆ. ಬೂದು ಬಣ್ಣ ಹಚ್ಚಿದ ಆ ತಲೆಗೆ ಗೀರು ಬೀಳಬಾರದೆಂದು ನಾನೂ ಹೊಸ ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಳಂದದ ಬಸ್ಸಿನಲ್ಲಿ ಕೂತಿದ್ದೆ. ಗಾಣಗಾಪುರದಿಂದ ದರ್ಶನ ಮುಗಿಸಿ ಬಂದ ಹೆಂಗಸರು ದಾರಿಯಲ್ಲಿ ಹತ್ತಿದರು. ನನ್ನನ್ನು ಒಮ್ಮೆ ನೋಡಿ, ಗಂಟನ್ನು ಒಮ್ಮೆ ನೋಡಿ, ಚಪ್ಪಲಿ ಬಿಟ್ಟರು.

ಯಾವ ದೇವರೆಂದು ಒಬ್ಬ ಅಜ್ಜಿ ಕೇಳಿದಳು. ದೇವರಲ್ಲಬೇ ಅಜ್ಜಿ, ಸಿನಿಮಾದ್ದು ಎಂದು ಟವೆಲು ಸರಿಸಿ ತೋರಿಸಿದೆ. ಅದೇ ತಪ್ಪಾಯಿತು. ಒಂದು ಕಣ್ಣು ದೊಡ್ಡದು, ಒಂದು ಸಣ್ಣದು ನೋಡಿ, ಬಹಳ ಉಗ್ರ ಇದೆ ಎಂದು ಅಜ್ಜಿ ಗಲ್ಲ ಬಡಿದುಕೊಂಡಳು. ನೋಡುನೋಡುತ್ತಿರುವಾಗಲೇ ರೋಬೋಟಿನ ಹಣೆಗೆ ಕುಂಕುಮ ಬಿತ್ತು, ಮುಚ್ಚಳದ ಮೇಲೆ ಹೂವು ಬಂತು. ನಿಂತಿದ್ದವರೆಲ್ಲ ದೇವರಿಗೆ ಗಾಳಿ ಬರಲೆಂದು ಹಿಂದೆ ಸರಿದರು.

ಕಂಡಕ್ಟರನೂ ಬಂದು ಕೈ ಮುಗಿದ. ದೇವರಿಗೆ ಲಗೇಜು ಟಿಕೆಟ್ ಬೇಡ ಅಂದ. ನನಗೆ ಮಾತ್ರ ಪೂರಾ ಟಿಕೆಟ್ ಹರಿದ.

ಅಕ್ಕನ ಕೈ

ಅಕ್ಕ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಕುಂಕುಮ ಒರೆಸಿ ತಲೆಯನ್ನು ಅವಳ ತೊಡೆಯ ಮೇಲಿಟ್ಟೆ. ಓಣಿಯ ಹೆಂಗಸರೆಲ್ಲ, ಹಿಂದಿನ ದಿನವೇ ಬಂದಿದ್ದ ನನ್ನ ಹೆಂಡತಿಯೂ, ಸುತ್ತ ನಿಂತಿದ್ದರು. ಅವಳು ರೊಟ್ಟಿ ತಟ್ಟುವ ಬೆರಳುಗಳಿಂದ ನೆತ್ತಿ, ಕೆನ್ನೆ, ಬಾಯಿ ಎಲ್ಲ ಮುಟ್ಟಿ ನೋಡಿದಳು. ಸಣ್ಣ ಕಣ್ಣಿನ ಹತ್ತಿರ ಬಹಳ ಹೊತ್ತು ಕೈ ನಿಲ್ಲಿಸಿದಳು. ಮುಚ್ಚಳ ಎತ್ತಿ ಬಿಟ್ಟಳು. ಟಕ್ ಅಂದಿತು.

"ಹೌದು, ಇವನೇ," ಅಂದಳು. "ಸಿನಿಮಾ ಹಚ್ಚು."

ಹಚ್ಚಿದೆ. ನಾನು ಪಕ್ಕದಲ್ಲಿ ಕೂತು ಹೇಳುತ್ತ ಹೋದೆ. ಕೊನೆಗೆ ರೋಬೋಟ್ ಬಂದ್ ಆದಾಗ ಓಣಿಯ ಹೆಂಗಸರೆಲ್ಲ ಮೂಗು ಒರೆಸಿಕೊಂಡರು, ಮಾಮಾ ಎದ್ದು ಹೊರಗೆ ಹೋದರು. ಅಕ್ಕ ಒಬ್ಬಳೇ ಆರಾಮವಾಗಿ ಕೂತಿದ್ದಳು. ಒಂದು ಹನಿ ನೀರಿಲ್ಲ.

ಎಲ್ಲೋ ಅಳತೆ ತಪ್ಪಿದೆ, ಇಷ್ಟು ದಿನ ಅವಳ ಮನಸ್ಸಿನಲ್ಲಿದ್ದದ್ದನ್ನು ನಾನೇ ಕೆಡಿಸಿದೆ ಅನಿಸಿತು. ಮುಖ ಬರೋಬ್ಬರಿ ಬಂದಿಲ್ಲವೇನು ಎಂದು ಕೇಳಿದೆ.

"ಬರೋಬ್ಬರಿ ಅದ," ಅಂದಳು ಅಕ್ಕ. "ಆದ್ರ ನನಗ ಗೊತ್ತಿರೋ ಗಂಡಸರ ಮುಖ ಎಷ್ಟರೆ ಅವ, ಹೇಳು. ಸಣ್ಣಾಂವಿದ್ದಾಗಿಂದ ಕೈಯಾಗ ಹಿಡದದ್ದು ನಿಂದು. ಸಿನಿಮಾ ಹೇಳಾಂವನೂ ನೀನೇ. ಇಷ್ಟ ದಿನ ಅವಗ ನಿನ್ನ ಮುಖಾನೇ ಇತ್ತು. ಪ್ರತಿ ಸಲ ಮುಚ್ಚಳ ಬಿದ್ದಾಗ ನೀನೇ ಹ್ವಾದಂಗ ಆಗ್ತಿತ್ತು. ಈಗ ಇಂವ ಬ್ಯಾರೆ, ನೀ ಬ್ಯಾರೆ ಅಂತ ಗೊತ್ತಾತು. ಇನ್ಯಾಕ ಅಳಲಿ?"

ಅವಳ ಕೈ ಹಿಡಿದುಕೊಂಡೆ, ಕಣ್ಣು ತುಂಬಿ ಬಂದವು. ಅವಳಿಗೆ ಗೊತ್ತಾಗದಿರಲೆಂದು ಗಂಟಲು ಸರಿ ಮಾಡಿಕೊಂಡು, ಹಾಗಾದರೆ ಇಷ್ಟು ವರ್ಷ ನಾನು ಹೇಳಿದ ಸಿನಿಮಾಗಳಲ್ಲಿ ಹೀರೋಗೂ ನನ್ನ ಮುಖವೇ ಏನು ಎಂದು ಕೇಳಿದೆ. ಹೌದು, ವಿಲನ್‌ಗೂ ಅದೇ ಅಂದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸುಮ್ಮನಿರಲಾರದೆ, ಮತ್ತೆ ಹೀರೋಯಿನ್‌ಗಳಿಗೆ ಯಾರ ಮುಖ ಎಂದು ಕೇಳಿದಳು.

"ಅವರಿಗೂ ಇವಂದೇ," ಅಂದಳು ಅಕ್ಕ. "ಮೀಸಿ ಅಷ್ಟ ಬೋಳಸ್ತೇನಿ."